ನಾಲ್ಕನೇ ಸಲ ಒದ್ದುಬಿಡುವ ತಂಡ

ಟೋಕಿಯೋ ಹತ್ತಿರದ ಗ್ಯೋಟೋಕುವಿನಲ್ಲಿ ನಮ್ಮ ಮನೆಯ ಹಿಂದಿನ ಖಾಲಿ ಜಾಗಕ್ಕೆ ಈ ಬೇಸಿಗೆಯಲ್ಲಿ ಕೃತಕ ಹುಲ್ಲು ಹಾಸಿದರು. ಸಂಜೆ ಮಕ್ಕಳು ಚೆಂಡಾಡುತ್ತಾರೆ, ಒಳ್ಳೆಯದೇ. ಆದರೆ ಮಳೆ ನಿಂತು ಬಿಸಿಲು ಬಿದ್ದ ಕೂಡಲೇ ಆ ಹುಲ್ಲಿನ ಬುಡದ ಕರಿ ರಬ್ಬರ್ ಪುಡಿಯಿಂದ ಒಂದು ವಾಸನೆ ಏಳುತ್ತದೆ. ನಾನು ಎದ್ದು ಹೋಗಿ ಬಾಲ್ಕನಿ ಬಾಗಿಲು ಹಾಕಿಬಿಡುತ್ತೇನೆ. "ಆ ವಾಸನೆ ಕಂಡ್ರೆ ಯಾಕೆ ಅಷ್ಟು ಸಿಟ್ಟು ನಿಂಗೆ?" ಎಂದು ನನ್ನ ಗಂಡ ಪ್ರಸನ್ನ ಕೇಳುತ್ತಾನೆ. ಅವನಿಗೆ ಗೊತ್ತು. ಗೊತ್ತಿದ್ದೂ ಕೇಳುತ್ತಾನೆ, ಆ ವರ್ಷದ ಕಥೆ ಇನ್ನೊಂದು ಸಲ ನನ್ನ ಬಾಯಿಂದ ಹೊರಡಲಿ ಅಂತ.

ಅದು ಕೊರೋನಾದ ಎರಡನೇ ವರ್ಷ. ನಾನು ಆಗ ಕನಗಾವಾ ಕಡೆ, ಸಮುದ್ರದ ಹತ್ತಿರದ ಹಿರಾತ್ಸುಕಾ ಎಂಬ ಊರಿನಲ್ಲಿದ್ದೆ. ಕಾರಿನ ಗೇರುಗಳನ್ನು ಮಾಡುವ ಕಾರ್ಖಾನೆಯಲ್ಲಿ ಡಿಸೈನ್ ವಿಭಾಗದ ಕೆಲಸ. ಬೆಂಗಳೂರಿನಿಂದ ನನ್ನನ್ನು ಕಳಿಸಿದ ಮೇಲೆ ಮೂರು ತಿಂಗಳಲ್ಲಿ ಪ್ರಸನ್ನನೂ ಬರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಜಪಾನು ಬಾಗಿಲು ಹಾಕಿತು. ಅವನು ಮೈಸೂರಿನಲ್ಲಿ, ನಾನು ಇಲ್ಲಿ ಒಂದು ಕೋಣೆಯ ಮನೆಯಲ್ಲಿ, ನಡುವೆ ಫೋನು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ, ಮಾತಿಲ್ಲದೆ ಉಣ್ಣಬೇಕಿತ್ತು. ಶುಕ್ರವಾರ ಸಂಜೆ ಮನೆಗೆ ಬಂದು ಬಾಗಿಲು ಹಾಕಿದರೆ ಸೋಮವಾರದವರೆಗೆ ನನ್ನ ಗಂಟಲಿಗೆ ಹೆಚ್ಚು ಕೆಲಸವಿರುತ್ತಿರಲಿಲ್ಲ.

ಕುರೋದಾ ಸಾನ್, ಅಂದರೆ ಕುರೋದಾ ಅವರು, ಕ್ವಾಲಿಟಿ ವಿಭಾಗದ ಮುಖ್ಯಸ್ಥರು. ನಿವೃತ್ತಿಗೆ ಹತ್ತಿರವಿದ್ದ ತೆಳ್ಳನೆಯ ಮನುಷ್ಯ. ಸಭೆಯಲ್ಲಿ ಅವರು 'ಇಲ್ಲ' ಅಂದದ್ದನ್ನು ನಾನು ಕೇಳಿರಲಿಲ್ಲ. 'ಸ್ವಲ್ಪ ಕಷ್ಟವಾಗಬಹುದೇನೋ' ಎಂಬುದೇ ಅವರ ಬಾಯಿಂದ ಬರುವ ಅತಿ ಖಾರದ ಮಾತು. ಸೆಪ್ಟೆಂಬರಿನ ಒಂದು ದಿನ ಅವರು ನನ್ನ ಮೇಜಿನ ಬಳಿ ಬಂದು ನಿಂತರು. ನಾವು ಅರ್ಧ ಜಪಾನಿ, ಅರ್ಧ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು.

"ಸುಧಾ ಸಾನ್, ಭಾನುವಾರ ಏನ್ ಮಾಡ್ತೀರಿ?"

"ಬಟ್ಟೆ ಒಗೀತೀನಿ."

"ಒಗೆದ ಮೇಲೆ?"

"ಒಣಗೋದನ್ನ ನೋಡ್ತೀನಿ."

ಅವರು ನಗಲಿಲ್ಲ. ಕಂಪನಿಯ ಫುಟ್‌ಬಾಲ್ ತಂಡದ ಪಂದ್ಯ ಇದೆ, ನೋಡಲು ಜನ ಬೇಕು, ಬನ್ನಿ ಎಂದರು. ಫುಟ್‌ಬಾಲ್ ಅಂದರೆ ನಮ್ಮಲ್ಲಿ ಕಾಲಿನಿಂದ ಆಡುತ್ತಾರಲ್ಲ, ಆ ಆಟವಲ್ಲ. ಅಮೆರಿಕದವರು ಆಡುವುದು, ಉದ್ದುದ್ದ ಚೆಂಡು, ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಗುರಾಣಿಯಂಥದ್ದು. ಜಪಾನಿನಲ್ಲಿ ಕೆಲವು ಕಂಪನಿಗಳು ಇದರ ತಂಡ ಇಟ್ಟುಕೊಂಡಿವೆ. ಆಡುವವರು ವಾರವಿಡೀ ಕಾರ್ಖಾನೆಯಲ್ಲಿ ದುಡಿದು ಭಾನುವಾರ ಮೈದಾನಕ್ಕಿಳಿಯುತ್ತಾರೆ. ನಮ್ಮ ವಿಭಾಗದ ಹಯಾಶಿ ಆ ತಂಡದಲ್ಲಿ ಚೆಂಡು ಎಸೆಯುವವನು ಎಂದು ಆವತ್ತೇ ನನಗೆ ಗೊತ್ತಾದದ್ದು. ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ನನ್ನ ಎದುರು ಮೇಜಿನಲ್ಲಿ ಕೂತು ದಿನವಿಡೀ ಗೇರಿನ ಹಲ್ಲುಗಳನ್ನು ಬರೆಯುತ್ತಿದ್ದವನು.

ಆಟದ ನಿಯಮವನ್ನು ಕುರೋದಾ ಸಾನ್ ಮೈದಾನದ ಹೊರಗೆ, ನಮ್ಮ ಹಣೆಯ ಶಾಖ ನೋಡುವ ಸಾಲಿನಲ್ಲಿ ನಿಂತೇ ಹೇಳಿಕೊಟ್ಟರು. ಒಂದು ತಂಡಕ್ಕೆ ನಾಲ್ಕು ಪ್ರಯತ್ನ. ಅಷ್ಟರೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಹೋಗದಿದ್ದರೆ ಚೆಂಡು ಅಲ್ಲಿಂದಲೇ ಎದುರಾಳಿಗೆ. ಮುಂದೆ ಹೋಗಲು ಎರಡು ದಾರಿ: ಚೆಂಡನ್ನು ಎದೆಗವಚಿಕೊಂಡು ಗುಂಪಿನೊಳಗೆ ನುಗ್ಗಬಹುದು, ಇಲ್ಲ ಗಾಳಿಯಲ್ಲಿ ದೂರಕ್ಕೆ ಎಸೆಯಬಹುದು. ನುಗ್ಗಿದರೆ ಒಂದೆರಡು ಗಜ ಸಿಗುತ್ತದೆ, ಅಪಾಯ ಕಡಿಮೆ. ಎಸೆದರೆ ಒಂದೇ ಏಟಿಗೆ ಅರ್ಧ ಮೈದಾನ ದಾಟಬಹುದು, ಎದುರಾಳಿಯ ಕೈಗೂ ಸಿಗಬಹುದು. ಮೂರು ಸಲದಲ್ಲಿ ಆಗದಿದ್ದರೆ ನಾಲ್ಕನೇ ಸಲಕ್ಕೆ ಚೆಂಡನ್ನು ದೂರಕ್ಕೆ ಒದ್ದು, ನೀವೇ ಇಟ್ಟುಕೊಳ್ಳಿ ಎಂದು ಎದುರಾಳಿಗೆ ಕೊಟ್ಟುಬಿಡುವ ಅನುಕೂಲವೂ ಇದೆ.

"ನಮ್ಮ ತಂಡ ಏನ್ ಮಾಡುತ್ತೆ?" ಎಂದು ಕೇಳಿದೆ.

"ನೋಡಿ," ಎಂದರು.

ನೋಡಿದೆ. ಮೊದಲ ಸಲ ಗುಂಪಿನ ನಡುವೆ ನುಗ್ಗಿದರು, ಒಂದು ಗಜ. ಎರಡನೇ ಸಲ ಅದೇ ಜಾಗದಲ್ಲಿ ನುಗ್ಗಿದರು, ಅರ್ಧ ಗಜ. ಮೂರನೇ ಸಲ ಎದುರಾಳಿಗಳೂ ಆಗಲೇ ಅಲ್ಲಿಗೆ ಬಂದು ಕಾಯುತ್ತಿದ್ದರು, ಆದರೂ ಅಲ್ಲಿಗೇ ನುಗ್ಗಿದರು. ನಾಲ್ಕನೇ ಸಲ ಒದೆಯುವವನು ಓಡಿ ಬಂದ, ಒದ್ದ. ಸ್ವಲ್ಪ ಹೊತ್ತಿಗೆ ಚೆಂಡು ಮತ್ತೆ ನಮಗೆ ಸಿಕ್ಕಿತು. ನುಗ್ಗು, ನುಗ್ಗು, ನುಗ್ಗು, ಒದಿ. ಹಯಾಶಿ ಪ್ರತಿ ಸಲ ಚೆಂಡನ್ನು ಪಕ್ಕದವನ ಹೊಟ್ಟೆಗೆ ತುರುಕಿ ಸುಮ್ಮನೆ ನಿಲ್ಲುತ್ತಿದ್ದ. ಆಟಕ್ಕೆ ಮುಂಚೆ ಅವನು ಅಭ್ಯಾಸಕ್ಕೆಂದು ಎಸೆದದ್ದನ್ನು ನಾನು ನೋಡಿದ್ದೆ. ಮೈದಾನದ ಈ ಕಡೆಯಿಂದ ಹೊರಟ ಚೆಂಡು ಒಂದು ಚೂರೂ ಅಲುಗದೆ ತಿರುಗುತ್ತಾ ಹೋಗಿ, ಓಡುತ್ತಿದ್ದವನ ಅಂಗೈಗೆ ಇಳಿದಿತ್ತು. ಅಂಥ ಕೈ ಇರುವವನನ್ನು ಅಂಚೆಯವನ ಹಾಗೆ ಬಳಸುತ್ತಿದ್ದರು.

ಕೂಗುವ ಹಾಗಿರಲಿಲ್ಲ. ಆ ವರ್ಷ ಮೈದಾನಗಳಲ್ಲಿ ಬಾಯಿ ಬಿಡುವುದು ನಿಷೇಧ. ಒಂದು ಸೀಟು ಬಿಟ್ಟು ಒಂದು ಸೀಟಿಗೆ ಟೇಪು ಸುತ್ತಿದ್ದರು. 'ದಯವಿಟ್ಟು ಧ್ವನಿ ಮಾಡಬೇಡಿ, ಚಪ್ಪಾಳೆ ಮಾತ್ರ' ಎಂಬ ಫಲಕ ಹಿಡಿದು ಸಿಬ್ಬಂದಿ ಮೆಟ್ಟಿಲ ಮೇಲೆ ಹತ್ತಿ ಇಳಿಯುತ್ತಿದ್ದರು. ಹಾಗಾಗಿ ಒದೆಯುವವನು ಮೈದಾನಕ್ಕೆ ಬಂದಾಗಲೆಲ್ಲ ನಮ್ಮ ಕಡೆಯಿಂದ ಮಾಸ್ಕಿನೊಳಗೇ ಒಂದು ದೊಡ್ಡ ನಿಟ್ಟುಸಿರು. ನೂರಾರು ಜನರ ನಿಟ್ಟುಸಿರು ಒಟ್ಟಿಗೆ ಹೊರಟರೆ ಬಸ್ಸಿನ ಬ್ರೇಕಿನ ಸದ್ದಿನ ಹಾಗಿರುತ್ತದೆ.

ನಮ್ಮದು ಸೋತಿತು, ಸ್ವಲ್ಪದರಲ್ಲಿ. ತಂಡದ ಹಿರಿಯ ಕೋಚನ್ನು ಎಲ್ಲರೂ ಕಾಂತೋಕು ಎನ್ನುತ್ತಿದ್ದರು. ಆ ಪದಕ್ಕೆ ಅದೇ ಅರ್ಥ. ಆಡಳಿತ ವಿಭಾಗದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಇಸ್ತ್ರಿ ಮಾಡಿದ ಜಾಕೆಟ್ಟು. ಆಟ ಮುಗಿದ ಮೇಲೆ ಅವರು ನಮ್ಮೆದುರು ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದರು. ದೊಡ್ಡ ತಪ್ಪುಗಳೇನೂ ಆಗಲಿಲ್ಲ ಎಂದು ಮೈಕಿನಲ್ಲಿ ಸಂತೋಷಪಟ್ಟರು. ನಾವು ಚಪ್ಪಾಳೆ ತಟ್ಟಿದೆವು.

ಮನೆಗೆ ಬಂದು ಪ್ರಸನ್ನನಿಗೆ ಫೋನ್ ಮಾಡಿ ಬೈದೆ. ಅವನು ಕ್ರಿಕೆಟ್ಟಿನವನು.

"ಟೆಸ್ಟ್ ಮ್ಯಾಚ್ ಡ್ರಾ ಮಾಡೋಕೆ ಬ್ಲಾಕ್ ಹೊಡೀತಾ ಇದಾರೆ ಅನ್ನು," ಎಂದ.

"ಡ್ರಾ ಮಾಡೋದ್ರಲ್ಲಿ ಒಂದು ಮರ್ಯಾದೆ ಇದೆ ಕಣೋ. ಇವ್ರು ಮೊದಲನೇ ಓವರಿಂದ ಔಟಾಗದ ಹಾಗೆ ಆಡಿ, ರನ್ನೇ ಹೊಡೀದೆ, ಸೋತು, ನಾವು ಔಟಾಗ್ಲಿಲ್ಲ ಅಂತ ಥ್ಯಾಂಕ್ಸ್ ಹೇಳ್ತಾರೆ."

"ಹಾಗಿದ್ರೆ ಮುಂದಿನ ವಾರ ಹೋಗ್ಬೇಡ."

ಹೋದೆ. ಸಿಟ್ಟು ಮಾಡಿಕೊಳ್ಳಲು ಒಂದು ಜಾಗ ಸಿಕ್ಕಿತ್ತು ಎಂದು ಈಗ ಅನಿಸುತ್ತದೆ. ಪ್ರಸನ್ನನ ವೀಸಾ ಅರ್ಜಿಯನ್ನು ತಡೆಹಿಡಿದವರು ಯಾರು ಎಂದು ಕೇಳಿದರೆ ಒಬ್ಬರ ಹೆಸರೂ ಹೇಳಲು ಆಗುತ್ತಿರಲಿಲ್ಲ. ಇಲ್ಲಾದರೆ ಜಾಕೆಟ್ಟು ಹಾಕಿಕೊಂಡ ಒಬ್ಬ ಮನುಷ್ಯ ಕಣ್ಣೆದುರಿಗೇ ನಿಂತು ಬೇಡ, ಬೇಡ ಎಂದು ಕೈಯಾಡಿಸುತ್ತಿದ್ದರು.

ಮೂರನೇ ಪಂದ್ಯದ ಹೊತ್ತಿಗೆ ಕಂಪನಿಯಿಂದ ಸುದ್ದಿ ಬಂತು. ಈ ಋತು ಮುಗಿದ ಮೇಲೆ ತಂಡಕ್ಕೆ 'ವಿರಾಮ' ಎಂದು. ಮುಚ್ಚುತ್ತೇವೆ ಎನ್ನುವ ಪದ ಬಳಸಲಿಲ್ಲ. ಆದರೆ ಇಂಥ ವಿರಾಮದಿಂದ ಎದ್ದು ಬಂದ ತಂಡವನ್ನು ತಾವು ನೋಡಿಲ್ಲ ಎಂದು ಕುರೋದಾ ಸಾನ್ ಹೇಳಿದರು. ಹಯಾಶಿಗೆ ಮೂವತ್ತು ದಾಟಿತ್ತು. ಬೇರೆ ಕಂಪನಿಯ ತಂಡ ಅವನನ್ನು ತೆಗೆದುಕೊಳ್ಳುವ ವಯಸ್ಸಲ್ಲ. ಅವನ ಕೈಗೆ ಉಳಿದದ್ದು ಇದೊಂದು ಶರತ್ಕಾಲ.

ಆ ಮೂರನೇ ಪಂದ್ಯದಲ್ಲಿ ಸಣ್ಣ ಮಳೆ. ಆಟ ಅರ್ಧ ಮುಗಿದಿತ್ತು. ಕಾಂತೋಕು ಕಡೆಯಿಂದ ಯಥಾಪ್ರಕಾರ 'ನುಗ್ಗು' ಎಂಬ ಸನ್ನೆ ಬಂತು. ಹಯಾಶಿ ಎದುರಾಳಿಗಳನ್ನು ಒಮ್ಮೆ ನೋಡಿದ. ಎಲ್ಲರೂ ನುಗ್ಗುವ ಜಾಗದಲ್ಲೇ ಗುಂಪಾಗಿದ್ದರು. ಅವನು ತನ್ನವರ ಕಡೆ ತಿರುಗಿ ಏನೋ ಹೇಳಿದ. ಆಮೇಲೆ ಚೆಂಡನ್ನು ಪಕ್ಕದವನಿಗೆ ಕೊಡುವ ಹಾಗೆ ಮಾಡಿ, ಕೊಡದೆ, ಎರಡು ಹೆಜ್ಜೆ ಹಿಂದೆ ಸರಿದು ಎಸೆದ. ಮಳೆಯಲ್ಲಿ ಆ ಚೆಂಡು ಹೋದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಅಷ್ಟು ದೂರ ಒಬ್ಬಂಟಿಯಾಗಿ ಓಡುತ್ತಿದ್ದ ನಮ್ಮವನ ಕೈಗೆ ಅದು ಬಿತ್ತು. ಅವನು ಯಾರೂ ಮುಟ್ಟದೆ ಮೈದಾನದ ಕೊನೆಯ ಗೆರೆ ದಾಟಿದ. ಅಲ್ಲಿಗೆ ಆರು ಅಂಕ. ನಾವೆಲ್ಲ ಎದ್ದು ನಿಂತಿದ್ದೆವು. ಫಲಕದ ಹುಡುಗಿ ನಮ್ಮ ಕಡೆ ಓಡಿ ಬಂದಳು, ಯಾಕೆಂದರೆ ಕೆಲವರ ಬಾಯಿಂದ ಸದ್ದು ಬಂದಿತ್ತು. ಕುರೋದಾ ಸಾನ್ ಅವಳಿಗೆ ಸುಮಿಮಾಸೆನ್, ಕ್ಷಮಿಸಿ ಎಂದು ತಲೆಬಾಗಿದರು. ಅವರ ಕನ್ನಡಕದ ಮೇಲೆ ಪೂರ್ತಿ ಹಬೆ ಕೂತಿತ್ತು.

ಹಯಾಶಿ ಬದಿಗೆ ಬಂದಾಗ ಕಾಂತೋಕು ಅವನ ಭುಜ ತಟ್ಟಲಿಲ್ಲ. ಏನೋ ಎರಡು ಮಾತು ಹೇಳಿದರು. ಆಟದ ಉಳಿದ ಹೊತ್ತು ಮತ್ತೆ ಅದೇ ನುಗ್ಗುವಿಕೆ. ಮತ್ತೆ ಸೋತೆವು. ಅದಾದ ಮುಂದಿನ ಪಂದ್ಯದಲ್ಲಿ ಹಯಾಶಿ ಟೋಪಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದ. ಎಸೆಯಲು ಬಾರದ, ಹೇಳಿದಷ್ಟು ಮಾಡುವ ಇನ್ನೊಬ್ಬ ಆಡಿದ. ಚೆಂಡನ್ನು ಹೊಟ್ಟೆಗೆ ತುರುಕಲು ಕೈ ಚೆನ್ನಾಗಿರಬೇಕಾಗಿಲ್ಲವಲ್ಲ.

ಆ ವಾರ ಕುರೋದಾ ಸಾನ್ ನನ್ನನ್ನು ಕರೆದುಕೊಂಡು ನದಿ ದಂಡೆಯ ಅಭ್ಯಾಸದ ಮೈದಾನಕ್ಕೆ ಹೋದರು. "ನಾನೊಬ್ಬನೇ ಹೋದರೆ ಜಗಳಕ್ಕೆ ಬಂದ ಹಾಗಿರುತ್ತೆ," ಎಂದರು. ಕಾಂತೋಕು ನಮ್ಮನ್ನು ಬಹಳ ಮರ್ಯಾದೆಯಿಂದ ಕೂರಿಸಿ, ತಾವೇ ಬಿಸಿ ಟೀ ತಂದುಕೊಟ್ಟರು. ಹವೆಯ ಮಾತಾಯಿತು, ಲಸಿಕೆಯ ಮಾತಾಯಿತು, ನನ್ನ ಊರಿನ ಮಾತಾಯಿತು. ಕೊನೆಗೆ ಕುರೋದಾ ಸಾನ್ ಟೀ ಲೋಟ ಕೆಳಗಿಟ್ಟರು.

"ಉಳಿದಿರೋ ಪಂದ್ಯಗಳಲ್ಲಿ ಹಯಾಶಿಗೆ ಎಸೆಯೋದಕ್ಕೆ ಸ್ವಲ್ಪ ಅವಕಾಶ ಸಿಕ್ಕರೆ, ನೋಡೋರಿಗೆ ತುಂಬಾ ಸಂತೋಷವಾಗುತ್ತೆ."

ಕಾಂತೋಕು ತಲೆಯಾಡಿಸಿದರು. "ನೋಡೋರ ಮನಸ್ಸು ನನಗೆ ಅರ್ಥವಾಗುತ್ತೆ. ಆದರೆ ಎಸೆದು, ಚೆಂಡು ಅವರ ಕೈಗೆ ಹೋಗಿ, ದೊಡ್ಡ ಅಂತರದಲ್ಲಿ ಸೋತರೆ? ಇದು ತಂಡದ ಕೊನೇ ವರ್ಷ. ಕಂಪನಿಗೆ ಅವಮಾನ. ಯಾರಿಗೂ ತೊಂದರೆಯಾಗದ ಹಾಗೆ ಮುಗಿಸಬೇಕು, ಅಷ್ಟೇ ನನ್ನ ಕೆಲಸ."

ನಾನು ತಡೆಯಲಾರದೆ ಕೇಳಿದೆ: "ಹೇಗಿದ್ರೂ ಸೋಲ್ತಾನೇ ಇದ್ದೀವಲ್ಲ. ಮುಚ್ಚೋ ತಂಡಕ್ಕೆ ಇನ್ನೇನು ಭಯ?"

ಅವರು ನನ್ನ ಕಡೆ ನಗುಮುಖದಿಂದ ತಿರುಗಿದರು. "ಚೆನ್ನಾಗಿ ಸೋಲೋದು, ಕೆಟ್ಟದಾಗಿ ಸೋಲೋದು ಅಂತ ಇದೆ, ಸುಧಾ ಸಾನ್. ನಿಮ್ಮ ದೇಶದಲ್ಲೂ ಇರಬೇಕು."

ಕುರೋದಾ ಸಾನ್ ಎದ್ದು ನಿಂತು ತಲೆಬಾಗಿ ಧನ್ಯವಾದ ಹೇಳಿದರು. ನಾನೂ ಬಾಗಿದೆ. ಕಾರಿನಲ್ಲಿ ಸೇತುವೆ ದಾಟುವಾಗ, ದಾರಿಯ ಮೇಲೆ ಕಣ್ಣಿಟ್ಟು, "ಅಸಹ್ಯ," ಎಂದರು. ಒಂದೇ ಮಾತು. ಅವರ ಬಾಯಲ್ಲಿ ಅಂಥ ಪದವಿದೆ ಎಂದು ನನಗೆ ಗೊತ್ತಿರಲಿಲ್ಲ.

ಕೊನೆಯ ಪಂದ್ಯ ನವೆಂಬರಿನ ಒಂದು ಬಿಸಿಲಿನ ಮಧ್ಯಾಹ್ನ, ಕವಾಸಾಕಿಯ ಹಳೆಯ ಮೈದಾನದಲ್ಲಿ. ಮಳೆ ಬಂದು ಹೋದ ಹುಲ್ಲು ಬಿಸಿಲಿಗೆ ಕಾದು ಆ ರಬ್ಬರಿನ ವಾಸನೆ ನಮ್ಮ ಸೀಟಿನವರೆಗೂ ಬರುತ್ತಿತ್ತು. ಅಲ್ಲಿಯವರೆಗೆ ನಮ್ಮ ತಂಡ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ತಂಡ ಮುಚ್ಚುತ್ತಿರುವುದರಿಂದ ಹಳೆಯ ಆಟಗಾರರು, ಅವರ ಹೆಂಡತಿ ಮಕ್ಕಳು, ಕಾರ್ಖಾನೆಯ ಬೇರೆ ಬೇರೆ ವಿಭಾಗದವರು, ಟೇಪು ಇಲ್ಲದ ಸೀಟೆಲ್ಲ ತುಂಬಿದ್ದರು. ಹಯಾಶಿಯನ್ನು ಮತ್ತೆ ಇಳಿಸಿದ್ದರು. ಕೊನೆಯ ಪಂದ್ಯದಲ್ಲೂ ಹಿರಿಯನನ್ನು ಕೂರಿಸಿದರೆ ಚೆನ್ನಾಗಿ ಕಾಣುವುದಿಲ್ಲ ಎಂದಿರಬೇಕು.

ಎದುರಾಳಿಗಳೂ ಆವತ್ತು ಮಂಕಾಗಿ ಆಡಿದರು. ಮುಗಿಯಲು ಒಂದೆರಡು ನಿಮಿಷ ಇರುವಾಗ ನಾವು ಮೂರು ಅಂಕ ಹಿಂದಿದ್ದೆವು. ಅಷ್ಟರಲ್ಲಿ ಚೆಂಡು ಅವರ ಕೈಜಾರಿ, ನಮ್ಮವರಿಗೆ ಅವರ ಗೆರೆಯ ಬುಡದಲ್ಲೇ ಸಿಕ್ಕಿತು. ಇನ್ನು ಕೆಲವೇ ಗಜ. ನುಗ್ಗಿದರು, ನುಗ್ಗಿದರು, ನುಗ್ಗಿದರು. ಎರಡು ಗಜ ಉಳಿಯಿತು. ನಾಲ್ಕನೇ ಸಲ. ಅದು ಇಡೀ ತಂಡದ ಬಾಳಿನಲ್ಲೇ ಕೊನೆಯ ಪ್ರಯತ್ನ. ಗೆರೆ ದಾಟಿದರೆ ಆರು ಅಂಕ, ಗೆಲುವು. ಅದರ ಬದಲು ಚೆಂಡನ್ನು ಗೆರೆಯಾಚೆ ನೆಟ್ಟ ಎರಡು ಕಂಬಗಳ ನಡುವೆ ಒದ್ದರೆ ಮೂರು ಅಂಕ, ಸಮ. ಒದೆಯುವುದು ಸುಲಭ, ಅಷ್ಟು ಹತ್ತಿರದಿಂದ ತಪ್ಪುವುದೇ ಇಲ್ಲ.

ಕಾಂತೋಕು ಒದೆಯುವವನನ್ನು ಕಳಿಸಿದರು.

ನಮ್ಮ ಕಡೆಯಿಂದ ನಿಟ್ಟುಸಿರೂ ಬರಲಿಲ್ಲ. ಆಗ ಕುರೋದಾ ಸಾನ್ ನನ್ನ ತೋಳು ಹಿಡಿದರು. ಆ ವರ್ಷ ಯಾರೂ ಯಾರನ್ನೂ ಮುಟ್ಟುತ್ತಿರಲಿಲ್ಲ.

"ಚೆಂಡು ಹಿಡಿಯೋನು ಹಯಾಶಿ," ಎಂದರು.

ಒದೆಯುವಾಗ ಒಬ್ಬ ಮಂಡಿಯೂರಿ ಕೂತು, ಬಂದ ಚೆಂಡನ್ನು ಹಿಡಿದು, ನೆಲಕ್ಕೆ ನೆಟ್ಟಗೆ ಊರಿ ಕೊಡಬೇಕು. ಆ ಕೆಲಸ ಹಯಾಶಿಯದು. ಅಂದರೆ ಒಂದು ಕ್ಷಣ ಚೆಂಡು ಅವನ ಕೈಯಲ್ಲಿರುತ್ತದೆ. ಅವನು ಬೇಕಾದರೆ ಎದ್ದು ಎಸೆಯಬಹುದು, ಇಲ್ಲ ತಾನೇ ಓಡಬಹುದು. ನಿಯಮದಲ್ಲಿ ಅಡ್ಡಿಯಿಲ್ಲ. ಇದು ನನಗೆ ಅರ್ಥವಾಗುವಷ್ಟರಲ್ಲಿ ಸುತ್ತಲಿನವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದರು. ಅವರಿಗೂ ಅದೇ ಯೋಚನೆ ಬಂದಿತ್ತು.

ಚೆಂಡು ಹಿಂದಕ್ಕೆ ಬಂತು. ಎದುರಾಳಿಗಳೆಲ್ಲ ಒದೆತವನ್ನು ತಡೆಯಲು ನಡುವಿಗೆ ಮುಗಿಬಿದ್ದರು. ಬಲಗಡೆಯ ಮೂಲೆ ಖಾಲಿಯಾಯಿತು. ನಮಗೆ ಮೇಲಿನಿಂದ ಕಂಡಿತು, ಒಂದು ಕೋಣೆಯಷ್ಟು ಅಗಲಕ್ಕೆ ಖಾಲಿ. ಹಯಾಶಿಯ ತಲೆ ಆ ಕಡೆ ತಿರುಗಿತು.

ಆಮೇಲೆ ಅವನು ಚೆಂಡನ್ನು ನೆಲಕ್ಕೆ ಊರಿದ. ಒದೆಯುವವನು ಒದ್ದ. ಅದು ಕಂಬಗಳ ನಡುವೆ ಹೋಯಿತು. ಸಮ.

ತಂಡ ಸಾಲಾಗಿ ನಮ್ಮೆದುರು ಬಂದು ನಿಂತಿತು. ಕಾಂತೋಕು ಮೈಕು ಹಿಡಿದು, ಸೋಲದೆ ಮುಗಿಸಿದೆವು, ಇಷ್ಟು ವರ್ಷ ಬೆಂಬಲಿಸಿದಿರಿ ಎಂದು ಹೇಳಿ ಬಹಳ ಹೊತ್ತು ಬಾಗಿದರು. ಆ ವರ್ಷ ನಮಗೆ ಬಿಟ್ಟಿದ್ದ ಭಾಷೆ ಚಪ್ಪಾಳೆ ಒಂದೇ. ಯಾರೂ ತಟ್ಟಲಿಲ್ಲ. ಕುರೋದಾ ಸಾನ್ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿ ನೆಟ್ಟಗೆ ನಿಂತಿದ್ದರು. ನನಗೆ ಹಯಾಶಿಗಾಗಿ ತಟ್ಟಬೇಕು ಅನಿಸಿತು, ಆದರೆ ಅವನೊಬ್ಬನಿಗೇ ಎಂದು ತಟ್ಟುವುದು ಹೇಗೆ? ಎಲ್ಲಿಯೋ ಒಂದು ಮಗು ಎರಡು ಸಲ ಕೈ ಬಡಿದು ನಿಲ್ಲಿಸಿತು. ಆ ಮೌನದಲ್ಲೇ ತಂಡ ತಿರುಗಿ ಹೊರಗೆ ನಡೆಯಿತು.

ಡಿಸೆಂಬರಿನಲ್ಲಿ ಕಾರ್ಖಾನೆಯ ಸಭಾಂಗಣದಲ್ಲಿ ಕಾಂತೋಕು ಅವರಿಗೆ ಸನ್ಮಾನವಾಯಿತು. ಒಬ್ಬ ಆಟಗಾರನಿಗೂ ಸೋಂಕು ತಗುಲದಂತೆ, ಹೀನಾಯ ಸೋಲಿಲ್ಲದಂತೆ ಕಷ್ಟದ ಋತುವನ್ನು ದಾಟಿಸಿದರೆಂದು ನಿರ್ದೇಶಕರು ಹೊಗಳಿದರು. ಹೂಗುಚ್ಛ ಕೊಡಲು ತಂಡದ ಪರವಾಗಿ ಹಯಾಶಿಯನ್ನೇ ಕರೆದರು. ಅವನು ಎರಡೂ ಕೈಯಿಂದ ಕೊಟ್ಟ. ಕುರೋದಾ ಸಾನ್ ಆ ದಿನ ರಜೆ ಹಾಕಿದ್ದರು.

ಸಭೆ ಮುಗಿದ ಮೇಲೆ ಕಟ್ಟಡದ ಹಿಂದಿನ ವೆಂಡಿಂಗ್ ಮೆಷಿನ್ ಹತ್ತಿರ ಹಯಾಶಿ ಸಿಕ್ಕ. ಅವನು ನನಗೂ ಒಂದು ಬಿಸಿ ಟೀ ಬಾಟಲಿ ತೆಗೆದುಕೊಟ್ಟ. ನಾನು ಕೇಳಬಾರದಿತ್ತೇನೋ, ಕೇಳಿದೆ.

"ಮೂಲೆ ಖಾಲಿ ಇತ್ತಲ್ಲ, ಹಯಾಶಿ ಸಾನ್."

"ನೋಡಿದೆ."

"ಮತ್ತೆ?"

"ಹಿಂದಿನ ದಿನವೇ ಯೋಚನೆ ಮಾಡಿದ್ದೆ. ಹಾಗೇನಾದ್ರೂ ಆದ್ರೆ ಎದ್ದುಬಿಡೋದು ಅಂತ. ಮೂಲೆ ನೋಡಿದಾಗಲೂ ಏಳಬೇಕು ಅಂತಾನೇ ಇತ್ತು." ಅವನು ಬಾಟಲಿಯ ಮುಚ್ಚಳ ತಿರುಗಿಸಿದ. "ಅಷ್ಟು ಹೊತ್ತಿಗೆ ಕೈ ಆಗಲೇ ಚೆಂಡನ್ನ ನೆಲಕ್ಕೆ ಇಟ್ಟಾಗಿತ್ತು."

ನಾನು ಕಾಂತೋಕು ಅವರನ್ನು ಕನ್ನಡದಲ್ಲಿ ಬೈದೆ. ಅವನಿಗೆ ಅರ್ಥವಾಗದಿದ್ದರೂ ನಕ್ಕ.

ಮಾರ್ಚಿನಲ್ಲಿ ಗಡಿ ತೆರೆಯಿತು, ಪ್ರಸನ್ನ ಬಂದ. ಅದೇ ವಸಂತದಲ್ಲಿ ಯೋಕೋಹಾಮಾದ ಕೆಲವರು ಹಯಾಶಿಯನ್ನು ತಮ್ಮ ಜೊತೆ ಆಡಲು ಕರೆದರು. ಹವ್ಯಾಸಿಗಳ ತಂಡ, ಭಾನುವಾರ ಪಾರ್ಕಿನಲ್ಲಿ ಆಡಿ ಬಿಯರ್ ಕುಡಿದು ಮನೆಗೆ ಹೋಗುವವರು. ಅಂಕವನ್ನು ನೆನಪಿಟ್ಟುಕೊಳ್ಳುವವರೂ ಇಲ್ಲ. ನಮಗೆಲ್ಲ ಖುಷಿಯಾಯಿತು. ಈಗ ಬೇಕಾದಷ್ಟು ಎಸೆಯಲಿ ಎಂದು ಕುರೋದಾ ಸಾನ್ ಅವನಿಗೆ ಹೊಸ ಚೆಂಡನ್ನೇ ಕೊಡಿಸಿದರು.

ಒಂದು ಪಂದ್ಯಕ್ಕೆ ಹೋಗಿ ಬಂದವನು ಮತ್ತೆ ಹೋಗಲಿಲ್ಲ. ಯಾಕೆಂದು ಒಂದು ದಿನ ಕೆಲಸದ ನಡುವೆ ಕೇಳಿದೆ. ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದ:

"ಚೆನ್ನಾಗಿತ್ತು. ನಾಲ್ಕನೇ ಸಲ ಬಂತು. ನಾನು ಸುಮ್ಮನೆ ಬದಿ ಕಡೆ ನೋಡ್ತಾ ನಿಂತೆ, ಒದೆಯೋನು ಬರ್ತಾನೆ ಅಂತ. ಅಲ್ಲಿ ಬದಿಯಲ್ಲಿ ಯಾರೂ ಇರಲಿಲ್ಲ. ಕೋಚೇ ಇಲ್ಲ. ಎಲ್ಲರೂ ನನ್ನನ್ನೇ ನೋಡ್ತಿದ್ರು. ಎಸಿ ಹಯಾಶಿ, ಎಸಿ, ಅಂತಿದ್ರು."

"ಆಮೇಲೆ ಏನ್ ಮಾಡಿದ್ರಿ?"

"ನಾನೇ ಒದ್ದೆ," ಎಂದ.